ಅವರದೇ ರಕ್ತ ಅಲ್ವಾ?

ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನನ್ನ ಜಾಗ ರೋಗಿಯ ತಲೆಯ ಕಡೆ, ಅನಸ್ತೇಷಿಯಾ ಮೆಷಿನ್ ಪಕ್ಕ. ಅಲ್ಲಿಂದ ಕತ್ತು ಚಾಚಿದರೆ ಗೋಡೆ ಬದಿಯ ಸಕ್ಷನ್ ಜಾರ್ ಕಾಣುತ್ತದೆ, ಕೊಯ್ದ ಜಾಗದಿಂದ ಎಳೆದ ರಕ್ತ ಬಂದು ತುಂಬುವ ಜಾರ್. ಅದರ ಮೈಮೇಲಿನ ಗೆರೆ ಓದಿ ಡಾಕ್ಟರಿಗೆ ಹೇಳುವುದು ನನ್ನ ಕೆಲಸಗಳಲ್ಲಿ ಒಂದು. "ಮೇಡಂ, 1,200. ಅದರಲ್ಲಿ 400 ವಾಶ್." ಅಂದರೆ ಹೊಟ್ಟೆ ತೊಳೆಯಲು ಸುರಿದ ಸಲೈನ್ 400 ಎಂಎಲ್ ಕಳೆದರೆ ರಕ್ತ ಹೋಗಿರುವುದು 800 ಎಂಎಲ್. ಮಾಪ್ ಬಟ್ಟೆಗಳು ಹೀರಿದ್ದು ಬೇರೆ ಲೆಕ್ಕ. ಈ ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಯಿತು. ಎಷ್ಟು ಜಾರ್ ಓದಿದ್ದೇನೋ ಲೆಕ್ಕವಿಲ್ಲ. ಆದರೆ ಒಂದು ಜಾರ್ ಮಾತ್ರ ಕಣ್ಣಿಂದ ಹೋಗಿಲ್ಲ.

2009ರ ಬೇಸಿಗೆಯಲ್ಲಿ ಅಪ್ಪನಿಗೆ ಎಡಗಡೆ ಕಿಡ್ನಿಯ ಆಪರೇಷನ್. ಮೈಸೂರಿನಲ್ಲೇ, ನಾನು ಕೆಲಸ ಮಾಡುವ ಕಡೆಯಲ್ಲ, ಇನ್ನೊಂದು ಆಸ್ಪತ್ರೆಯಲ್ಲಿ. ಕ್ಯಾನ್ಸರ್ ಗಡ್ಡೆ, ದೊಡ್ಡದಿತ್ತು, ರಕ್ತನಾಳಕ್ಕೆ ಅಂಟಿಕೊಂಡಿತ್ತು. ಅಪ್ಪನದು ಬಿ ನೆಗೆಟಿವ್. ನಮ್ಮ ಕಡೆ ನೂರು ಜನರನ್ನು ನಿಲ್ಲಿಸಿದರೆ ಯಾವುದೇ ಗುಂಪಿನ ನೆಗೆಟಿವ್ ಇರುವವರು ಐದಾರು ಜನ ಸಿಗಬಹುದು, ಅದರಲ್ಲಿ ಬಿ ಇನ್ನೂ ಕಡಿಮೆ. ಎರಡು ಯೂನಿಟ್ ಮೊದಲೇ ಜೋಡಿಸಿದ್ದೆವು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಳಗಿನಿಂದ ಚೀಟಿ ಬಂತು, ಇನ್ನೂ ನಾಲ್ಕು ಬೇಕು.

ಅಣ್ಣ ಬೈಕ್ ಹತ್ತಿದ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಇದ್ದಬದ್ದ ನಂಬರುಗಳಿಗೆಲ್ಲ ಮಾಡಿದೆ. ಸರಸ್ವತಿಪುರಂನ ಹಾಸ್ಟೆಲ್ ಒಂದರಿಂದ ಒಬ್ಬ ಹುಡುಗ ಬಂದ, ಪರೀಕ್ಷೆ ಓದುವುದು ಬಿಟ್ಟು. ಮದ್ದೂರಿನಿಂದ ಒಬ್ಬ ಮೇಷ್ಟ್ರು ಬಸ್ಸಿನಲ್ಲಿ ಹೊರಟರು. ಗೇಟಿನ ಹತ್ತಿರ ಒಬ್ಬ ಸುಳಿದಾಡುತ್ತಾ, "ದುಡ್ಡು ಕೊಟ್ರೆ ವ್ಯವಸ್ಥೆ ಆಗುತ್ತೆ" ಅಂದ. ಸುಪ್ರೀಂ ಕೋರ್ಟಿನ ಆದೇಶದಿಂದ 1998ರ ಜನವರಿಯಿಂದಲೇ ನಮ್ಮ ದೇಶದಲ್ಲಿ ರಕ್ತ ಮಾರುವುದಕ್ಕೆ ನಿಷೇಧವಿದೆ. ಅವನ ಮುಖ ನೋಡಿ ನನಗೆ ಕೈಕಾಲು ನಡುಗಿತು. ಯಾಕೆಂದರೆ ಒಂದು ಕ್ಷಣ ನಾನೂ ಯೋಚಿಸಿದೆ.

ಆ ಓಟಿಯಲ್ಲಿ ನನ್ನ ಜೊತೆ ಓದಿದವಳು ಕೆಲಸ ಮಾಡುತ್ತಿದ್ದಳು. ಆಪರೇಷನ್ ಮುಗಿಯುವ ಹೊತ್ತಿಗೆ ಬಟ್ಟೆ ಬದಲಿಸಲು ಹೇಳಿ ಒಳಗೆ ಬಾಗಿಲ ತನಕ ಬಿಟ್ಟುಕೊಂಡಳು. ಅಪ್ಪನ ಮುಖ ಕಾಣಲಿಲ್ಲ. ಕಂಡಿದ್ದು ಎರಡು ಜಾರ್. ಒಂದು ಕಂಠದ ತನಕ ತುಂಬಿತ್ತು, ಮೇಲೆ ಎರಡು ಬೆರಳು ನೊರೆ, ಆಲೆಮನೆ ಕೊಪ್ಪರಿಗೆಯ ಹಾಗೆ. ಇನ್ನೊಂದು ಅರ್ಧ. ಆಯಾ ಎರಡನ್ನೂ ಬಿಡಿಸಿ, ರೋಗಾಣು ಕೊಲ್ಲುವ ಹೈಪೋಕ್ಲೋರೈಟ್ ಬೆರೆಸಿ, ಆಮೇಲೆ ಚೆಲ್ಲಲು ತೆಗೆದುಕೊಂಡು ಹೋದರು. ಅದೇ ಹೊತ್ತಿಗೆ ಹೊರಗಡೆ ಮದ್ದೂರಿನ ಮೇಷ್ಟ್ರು ತೋಳು ಮಡಚಿಕೊಂಡು ಬಿಸ್ಕತ್ತು ತಿನ್ನುತ್ತಾ ಕೂತಿದ್ದರು.

ಸಂಜೆ ಅವ್ವನಿಗೆ ಎಲ್ಲಾ ಹೇಳಿದೆ. ಅವ್ವ ಓದಿದವಳಲ್ಲ. ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಕೇಳಿದಳು.

"ಅದು ಅವರ್ದೇ ರಕ್ತ ಅಲ್ವೇನವ್ವ? ಅದ್ನೇ ತಿರ್ಗಾ ಹಾಕುದ್ರೆ ಏನಾಯ್ತದೆ?"

"ಅದು ಕೊಳೆ ಆಗಿರ್ತದೆ ಕಣವ್ವ" ಅಂದೆ. ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ.

ಅವ್ವ ಕೇಳಿದ್ದನ್ನು ಎಡಿನ್‌ಬರೋದ ಜಾನ್ ಡಂಕನ್ ಅನ್ನುವ ಸರ್ಜನ್ 1886ರಲ್ಲೇ ಮಾಡಿ ನೋಡಿದ್ದರು. ಕಾಲು ಕತ್ತರಿಸುವಾಗ ಹರಿದ ರಕ್ತವನ್ನು ಹಿಡಿದು, ಹೆಪ್ಪುಗಟ್ಟದಂತೆ ಫಾಸ್ಫೇಟ್ ಬೆರೆಸಿ, ಅದೇ ರೋಗಿಗೆ ಹಿಂದಿರುಗಿಸಿದ್ದರು. ಮನುಷ್ಯರಲ್ಲಿ ರಕ್ತದ ಗುಂಪುಗಳಿವೆ ಅಂತ ವಿಜ್ಞಾನಿ ಲ್ಯಾಂಡ್‌ಸ್ಟೈನರ್ ಕಂಡುಹಿಡಿಯುವುದಕ್ಕೂ ಮುಂಚಿನ ಮಾತು ಇದು. 1970ರ ದಶಕದಲ್ಲಿ ಅದಕ್ಕೆಂದೇ ಮೆಷಿನ್ ಬಂತು. ಓಟಿಯಲ್ಲಿ ನಾವು ಅದನ್ನು ಸೆಲ್ ಸೇವರ್ ಅನ್ನುತ್ತೇವೆ. ಹೃದಯದ ಆಪರೇಷನ್, ಬೆನ್ನುಮೂಳೆ, ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ, ಇಂಥ ಕಡೆ ಇದು ಎಷ್ಟೋ ಜನರನ್ನು ಉಳಿಸಿದೆ. ನಾನು ಅದನ್ನು ನಡೆಸಲು ಕಲಿತದ್ದು ಅಪ್ಪನ ಆಪರೇಷನ್ ಆಗಿ ನಾಲ್ಕು ವರ್ಷದ ಮೇಲೆ.

ಆದರೆ ಕ್ಯಾನ್ಸರ್ ಕೇಸ್ ಇರುವ ದಿನ ಆ ಮೆಷಿನ್ ಹಸಿರು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲೇ ನಿಲ್ಲುತ್ತಿತ್ತು. "ಸಿಎ ಕೇಸ್, ಬೇಡ." ಅಷ್ಟೇ ಮಾತು. ಯಾಕೆ ಅಂತ ಕೇಳುವ ಧೈರ್ಯ ಬರಲು ನನಗೆ ಇನ್ನೊಂದೆರಡು ವರ್ಷ ಬೇಕಾಯಿತು.

ಕಾರಣ ಪೊಳ್ಳಲ್ಲ. ಅದನ್ನು ಮೊದಲು ಹೇಳಬೇಕು. ಗಡ್ಡೆ ಕೊಯ್ಯುವಾಗ ಅದರ ಕಣಗಳು ಉದುರುತ್ತವೆ, ಹರಿದ ರಕ್ತದಲ್ಲಿ ಬೆರೆಯುತ್ತವೆ. ಶ್ವಾಸಕೋಶದ ಕ್ಯಾನ್ಸರ್ ರೋಗಿಯೊಬ್ಬರ ಹೀಗೆ ಹಿಡಿದ ರಕ್ತದಲ್ಲಿ ಕ್ಯಾನ್ಸರ್ ಕಣ ಕಂಡದ್ದು 1975ರಲ್ಲಿ ವರದಿಯಾಯಿತು. 1986ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಮಂಡಳಿ ಕ್ಯಾನ್ಸರ್ ಆಪರೇಷನ್‌ಗಳಲ್ಲಿ ಇದು ಸಲ್ಲದು ಅಂದಿತು. ಆಮೇಲೆ ಜರ್ಮನಿಯ ಹ್ಯಾನ್ಸನ್ ಮತ್ತವರ ತಂಡ 61 ರೋಗಿಗಳ ಹರಿದ ರಕ್ತ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿದರೆ ಎದೆ ಝಲ್ ಅನ್ನುತ್ತದೆ. 57 ಜನರ ರಕ್ತದಲ್ಲಿ ಕ್ಯಾನ್ಸರ್ ಕಣಗಳಿದ್ದವು. ಮೈಯಿಂದ ತೆಗೆಯಲೆಂದೇ ಹೊಟ್ಟೆ ಕೊಯ್ದ ವಸ್ತುವನ್ನು ರಕ್ತನಾಳದ ಮೂಲಕ ಮೈಗೆ ತಿರುಗಿ ಬಿಡಲು ಯಾವ ಡಾಕ್ಟರಿಗೆ ಮನಸ್ಸು ಬರುತ್ತದೆ?

ಮೆಷಿನ್ ತೊಳೆಯುತ್ತದಲ್ಲ, ಆಗ ಹೋಗುವುದಿಲ್ಲವೇ ಅಂತ ಕೇಳಬಹುದು. ಹೋಗುವುದಿಲ್ಲ. ನಮ್ಮ ಊರಿನ ರಾಗಿ ಒಕ್ಕುವ ಕಣ ನೆನಪಿಸಿಕೊಳ್ಳಿ. ರಾಗಿ ತೂರುವಾಗ ಹೊಟ್ಟು ಹಾರುತ್ತದೆ, ಜೊಳ್ಳು ಹಾರುತ್ತದೆ, ಕಾಳು ಕೆಳಗೆ ಬೀಳುತ್ತದೆ. ಆದರೆ ಕಾಳಿನ ತೂಕದ್ದೇ ಸಣ್ಣ ಕಲ್ಲಿದ್ದರೆ ಅದೂ ಕಾಳಿನ ಜೊತೆಗೇ ಬೀಳುತ್ತದೆ. ಸೆಲ್ ಸೇವರ್ ಮಾಡುವುದೂ ತೂರುವ ಕೆಲಸವೇ, ಗಾಳಿಯ ಬದಲು ಗಿರಗಿರನೆ ತಿರುಗಿಸಿ. ಭಾರದ ಕೆಂಪು ಕಣ ಬೌಲಿನ ಗೋಡೆಗೆ ಹೋಗಿ ನಿಲ್ಲುತ್ತದೆ, ಹಗುರವಾದ ಪ್ಲಾಸ್ಮಾ, ಒಡೆದ ಕಣಗಳ ಬಣ್ಣ, ಹೆಪ್ಪುಗಟ್ಟದಂತೆ ಬೆರೆಸಿದ ಹೆಪಾರಿನ್ ಎಲ್ಲಾ ಸಲೈನಿನ ಜೊತೆ ತೊಳೆದುಹೋಗುತ್ತದೆ. ಕ್ಯಾನ್ಸರ್ ಕಣ ಮಾತ್ರ ಆ ಕಲ್ಲಿನ ಹಾಗೆ. ಒಂದಷ್ಟು ಉಳಿದೇ ಉಳಿಯುತ್ತದೆ.

ಕಲ್ಲಿಗೆ ಅವ್ವ ಏನು ಮಾಡುತ್ತಿದ್ದಳು? ಒಂದರಿ ಹಿಡಿಯುತ್ತಿದ್ದಳು.

ಆ ಒಂದರಿ ಈಗ ನಮ್ಮ ಕೈಯಲ್ಲಿದೆ. ಬಿಳಿ ರಕ್ತಕಣ ತಡೆಯುವ ಫಿಲ್ಟರ್. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೂಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆಗಳ ದಟ್ಟ ಹಾಸು. ಬರೀ ತೂತಿನ ಲೆಕ್ಕದಲ್ಲಿ ಕೆಲಸ ಮಾಡುವಂಥದ್ದಲ್ಲ ಇದು. ಹೊಲದ ಬದುವಿನಲ್ಲಿ ನಡೆದರೆ ಉತ್ತರಾಣಿ ಸೀರೆಯ ಅಂಚಿಗೆ ಅಂಟಿಕೊಳ್ಳುತ್ತದಲ್ಲ, ಹಾಗೆ ಬಿಳಿ ಕಣಗಳೂ ಕ್ಯಾನ್ಸರ್ ಕಣಗಳೂ ಆ ಎಳೆಗಳಿಗೆ ಅಂಟಿಕೊಂಡು ನಿಲ್ಲುತ್ತವೆ. ಕೆಂಪು ಕಣ ಬರೀ ಏಳೆಂಟು ಮೈಕ್ರಾನ್ ಅಗಲ, ಮೆತ್ತಗಿನದು. ಬಗ್ಗಿ, ಬಳುಕಿ ಆಚೆ ಬರುತ್ತದೆ. ಪ್ರಯೋಗಾಲಯದಲ್ಲಿ ಬೇಕೆಂದೇ ಕ್ಯಾನ್ಸರ್ ಕಣ ಬೆರೆಸಿದ ರಕ್ತ ಹಾಯಿಸಿ ನೋಡಿದಾಗ ಅವುಗಳ ಸಂಖ್ಯೆ ಭಾರಿ ಪ್ರಮಾಣದಲ್ಲಿ ಇಳಿದದ್ದು ಕಂಡಿದೆ. ಆದರೆ ಫಿಲ್ಟರಿಗೂ ಹೊಟ್ಟೆ ತುಂಬುತ್ತದೆ. ಇಷ್ಟು ರಕ್ತಕ್ಕೆ ಒಂದು ಅಂತ ಇರುತ್ತದೆ, ಮೀರಿದರೆ ಬದಲಿಸಬೇಕು. ಬೇಗ ಹೋಗಲಿ ಅಂತ ಚೀಲ ಅದುಮಬಾರದು. ಅಪರೂಪಕ್ಕೆ ಫಿಲ್ಟರ್ ಮೂಲಕ ಕೊಡುವಾಗ ರೋಗಿಯ ಬಿಪಿ ದಿಢೀರನೆ ಕುಸಿಯುತ್ತದೆ. ಅದಕ್ಕೇ ಮೊದಲ ಹತ್ತು ನಿಮಿಷ ನಾನು ಮಾನಿಟರ್ ಬಿಟ್ಟು ಕದಲುವುದಿಲ್ಲ.

ಇನ್ನೊಂದು ದಾರಿ ಇದೆ, ನನಗೆ ತುಂಬಾ ಹಿಡಿಸಿದ್ದು ಅದೇ. ಹುರಿದ ಹುರುಳಿಯನ್ನು ಬಿತ್ತಿದರೆ ಮೊಳೆಯುತ್ತದೆಯೇ? ಹಿಡಿದು ತೊಳೆದ ರಕ್ತದ ಚೀಲಕ್ಕೆ ಗಾಮಾ ಕಿರಣ ಹಾಯಿಸುವುದು. ಅದೇ ಹ್ಯಾನ್ಸನ್ ತಂಡ 1999ರಲ್ಲಿ ತೋರಿಸಿದ ಪ್ರಕಾರ 50 ಗ್ರೇ (ಗ್ರೇ ಅಂದರೆ ಕಿರಣದ ಅಳತೆ) ಪ್ರಮಾಣ ಕೊಟ್ಟರೆ ಕ್ಯಾನ್ಸರ್ ಕಣಗಳು ಒಡೆದು ಎರಡಾಗುವ ಶಕ್ತಿ ಕಳೆದುಕೊಳ್ಳುತ್ತವೆ. ಕಣ ಅಲ್ಲೇ ಇರುತ್ತದೆ, ಆದರೆ ಬೆಳೆಯುವುದಿಲ್ಲ. ಕಿರಣ ಹೊಡೆಯುವುದು ಡಿಎನ್‌ಎಗೆ. ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ಸೇ ಇಲ್ಲ, ಹಾಗಾಗಿ ಅದು ಆಮ್ಲಜನಕ ಹೊರುವ ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಇದೇನು ಕಂಡು ಕೇಳದ ವಿದ್ಯೆಯೂ ಅಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಕೊಡುವ ದಾನಿಯ ರಕ್ತಕ್ಕೆ ಬ್ಲಡ್ ಬ್ಯಾಂಕುಗಳಲ್ಲಿ ಇದರ ಅರ್ಧದಷ್ಟು, 25 ಗ್ರೇ, ಕೊಡುವುದು ಹಳೆಯ ರೂಢಿ.

ಕಷ್ಟ ಇರುವುದು ಓಡಾಟದಲ್ಲಿ. ಕಿರಣದ ಯಂತ್ರ ದೊಡ್ಡ ಕೇಂದ್ರಗಳಲ್ಲಿ ಮಾತ್ರ ಇರುತ್ತದೆ, ಅದೂ ಓಟಿಯ ಪಕ್ಕದಲ್ಲಲ್ಲ. ತೊಳೆದ ರಕ್ತವನ್ನು ಫ್ರಿಜ್ಜಿಗೆ ಇಡದೆ 4 ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಚೀಲ ಓಟಿಯಿಂದ ಆಚೆ ಹೋಗಿ ಬರುವಾಗ ಹೆಸರು ಅದಲುಬದಲಾದರೆ? ಅವರದೇ ರಕ್ತ ಅನ್ನುವ ಇಡೀ ಲಾಭವೇ ಕೈತಪ್ಪಿ, ಬೇರೆ ಗುಂಪಿನ ರಕ್ತ ಕೊಟ್ಟ ಅನಾಹುತವಾಗುತ್ತದೆ. ಹಾಗಾಗಿ ನಮ್ಮಂಥ ಊರಿನ ಓಟಿಗಳಲ್ಲಿ ಸದ್ಯಕ್ಕೆ ಕೈಗೆಟುಕುವುದು ಫಿಲ್ಟರ್.

ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲೇ ಪ್ರಾಸ್ಟೇಟ್ ಮತ್ತು ಮೂತ್ರಕೋಶ ತೆಗೆಯುವ ಕ್ಯಾನ್ಸರ್ ಆಪರೇಷನ್‌ಗಳಲ್ಲಿ ಸೆಲ್ ಸೇವರ್ ಬಳಸಬಹುದು ಅಂತ ಮಾರ್ಗಸೂಚಿ ಕೊಟ್ಟಿತು. ಹೀಗೆ ರಕ್ತ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪಡೆದವರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಮರುಕಳಿಸಿದ್ದು ಕಂಡಿಲ್ಲ. ಹಾಗಂತ ಇದು ಚೀಟಿ ಎತ್ತಿ ರೋಗಿಗಳನ್ನು ಎರಡು ಪಾಲು ಮಾಡಿ ನಡೆಸಿದ ದೊಡ್ಡ ಪರೀಕ್ಷೆಗಳ ಮಾತಲ್ಲ. ಅದಕ್ಕೇ ಡಾಕ್ಟರುಗಳು ಇಂದಿಗೂ ಕೇಸಿಂದ ಕೇಸಿಗೆ ತೂಗಿ ನೋಡುತ್ತಾರೆ, ನೋಡಬೇಕು ಕೂಡ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ತೂಕ ಇದೆ. ಬೇರೆಯವರ ರಕ್ತ ಪಡೆದ ಕ್ಯಾನ್ಸರ್ ರೋಗಿಗಳಲ್ಲಿ ರೋಗನಿರೋಧಕ ಶಕ್ತಿ ತಗ್ಗಿ ರೋಗ ಮರುಕಳಿಸಬಹುದೇ ಅನ್ನುವ ಚರ್ಚೆ ಕರುಳಿನ ಕ್ಯಾನ್ಸರ್ ರೋಗಿಗಳ ಒಂದು ಅಧ್ಯಯನದಿಂದ 1982ರಲ್ಲೇ ಶುರುವಾಗಿ ಇಂದಿಗೂ ನಡೆದಿದೆ. ಹೆಚ್ಚು ರಕ್ತ ಬೇಕಾಗುವವರ ಗಡ್ಡೆಯೂ ದೊಡ್ಡದೇ ಇರುತ್ತದೆ, ಯಾವುದು ಯಾವುದಕ್ಕೆ ಕಾರಣ ಅಂತ ಬಿಡಿಸುವುದು ಸುಲಭವಲ್ಲ.

ಕಳೆದ ತಿಂಗಳು ನಮ್ಮ ಓಟಿಗೆ ಶ್ರೀರಂಗಪಟ್ಟಣದ ಕಡೆಯ ಒಬ್ಬ ರೈತರು ಬಂದರು. ಅಪ್ಪನ ವಯಸ್ಸು, ಅಪ್ಪನ ಹಾಗೇ ಕಬ್ಬಿನ ಗರಿ ತಾಗಿ ಗೀರುಬಿದ್ದ ಮುಂಗೈ. ಮೂತ್ರಕೋಶದ ಕ್ಯಾನ್ಸರ್. ಹಿಂದೆ ಒಂದೆರಡು ಸಲ ರಕ್ತ ಹಾಕಿಸಿಕೊಂಡಿದ್ದರಿಂದ ಅವರ ಮೈಯಲ್ಲಿ ಆ್ಯಂಟಿಬಾಡಿ ಬೆಳೆದು, ಗುಂಪು ಒಂದೇ ಆದರೂ ಕ್ರಾಸ್ ಮ್ಯಾಚ್, ಅಂದರೆ ದಾನಿಯ ರಕ್ತ ಹೊಂದುತ್ತದೆಯೇ ಅಂತ ನೋಡುವ ಪರೀಕ್ಷೆ, ಕೂಡುತ್ತಿರಲಿಲ್ಲ. ಹುಡುಕಿ ಹುಡುಕಿ ಎರಡೇ ಯೂನಿಟ್ ಸಿಕ್ಕಿತ್ತು. ಅನಸ್ತೇಷಿಯಾ ಮೇಡಂ ಹಿಂದಿನ ದಿನ ವಾರ್ಡಿಗೆ ಹೋಗಿ ಕೂತು ಅವರಿಗೂ ಅವರ ಹೆಂಡತಿಗೂ ಎಲ್ಲಾ ಬಿಡಿಸಿ ಹೇಳಿದರು. ಆಯಮ್ಮ ಸರಿಯಾದ ಪ್ರಶ್ನೆಯನ್ನೇ ಕೇಳಿದರು. "ಆ ಕಾಯ್ಲೆ ರಕ್ತದ್ ಜೊತೆಗೆ ತಿರ್ಗಾ ಒಳೀಕೆ ಹೋಗಲ್ವಾ ಡಾಕ್ಟ್ರಮ್ಮ?" ಮೇಡಂ ಮುಚ್ಚಿಡಲಿಲ್ಲ. ಆಪರೇಷನ್ನಿನಲ್ಲಿ ಗಡ್ಡೆ ಮುಟ್ಟಿದಾಗ ಒಂದಷ್ಟು ಕಣ ಹೇಗೂ ರಕ್ತಕ್ಕೆ ಸೇರುತ್ತವೆ, ಹಾಗೆ ಸೇರಿದವುಗಳಲ್ಲಿ ಬೇರು ಬಿಡುವುದು ತೀರಾ ಕಡಿಮೆ, ಫಿಲ್ಟರ್ ಇಟ್ಟು ಅದನ್ನು ಇನ್ನೂ ಕಡಿಮೆ ಮಾಡುತ್ತೇವೆ, ಸೊನ್ನೆ ಅಂತ ಮಾತು ಕೊಡಲಾರೆ ಅಂದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಸಹಿ ಹಾಕಿದರು.

ಬೆಳಿಗ್ಗೆ ಮೆಷಿನ್ ಮೇಲಿನ ಹಸಿರು ಬಟ್ಟೆ ತೆಗೆದೆ. ಮೊದಲಿಗೆ ಪೂರ್ತಿ ಸೆಟ್ಟಿನ ಪ್ಯಾಕೆಟ್ ಒಡೆಯುವುದಿಲ್ಲ, ಅದು ಒಮ್ಮೆ ಬಳಸಿ ಬಿಸಾಡುವಂಥದ್ದು, ದುಬಾರಿ. ಬರೀ ಸಕ್ಷನ್ ನಳಿಕೆ ಮತ್ತು ರಕ್ತ ಹಿಡಿಯುವ ರಿಸರ್ವಾಯರ್ ಜೋಡಿಸುತ್ತೇವೆ. ಸಾಕಷ್ಟು ರಕ್ತ ಸೇರಿದರೆ ಮಾತ್ರ ಬೌಲಿನ ಪ್ಯಾಕೆಟ್ ಒಡೆಯುವುದು. ಒಂದು ಲೀಟರ್ ಸಲೈನಿಗೆ 30,000 ಯೂನಿಟ್ ಹೆಪಾರಿನ್ ಬೆರೆಸಿ, ನಳಿಕೆಯ ತುದಿಗೆ ಹನಿಹನಿಯಾಗಿ ಬಿಟ್ಟೆ. ಸಕ್ಷನ್ ಒತ್ತಡ ಕೆಳಗಿಟ್ಟೆ. ಜೋರಾಗಿ ಎಳೆದರೆ ಕಣಗಳು ಒಡೆದುಹೋಗುತ್ತವೆ.

ಸ್ಕ್ರಬ್ ಸಿಸ್ಟರ್ ಟೇಬಲ್ ಮೇಲೆ ಎರಡು ಸಕ್ಷನ್ ಇಟ್ಟುಕೊಂಡರು. ಇದೇ ಮುಖ್ಯ. ಗಡ್ಡೆಯ ಹತ್ತಿರ ಕೊಯ್ಯುವಾಗ ಮಾಮೂಲಿ ಸಕ್ಷನ್, ಅದು ಜಾರಿಗೆ ಹೋಗುತ್ತದೆ, ಚೆಲ್ಲುತ್ತೇವೆ. ಗಡ್ಡೆಯಿಂದ ದೂರದ ರಕ್ತನಾಳ ಸುರಿದಾಗ ನಮ್ಮದು. ಕಣ ಕಡಿಮೆ ಬಂದರೆ ಫಿಲ್ಟರಿಗೂ ಕೆಲಸ ಕಡಿಮೆ. ನಾನು ಸಿಸ್ಟರಿಗೆ ಇನ್ನೊಂದು ಮಾತು ನೆನಪಿಸಿದೆ, ಕಿರಿಕಿರಿ ಅನ್ನಿಸಿದರೂ ಪ್ರತಿ ಸಲ ನೆನಪಿಸುತ್ತೇನೆ. ಬೀಟಾಡಿನ್ ಬೇಡ, ಡಿಸ್ಟಿಲ್ಡ್ ವಾಟರ್ ಬೇಡ, ಬರೀ ಸಲೈನ್. ಹಿಂದೊಂದು ಬೆನ್ನುಮೂಳೆ ಕೇಸಿನಲ್ಲಿ ಸಲೈನ್ ಅಂದುಕೊಂಡು ನೀರು ಸುರಿದಿದ್ದರು. ಬರೀ ನೀರು ತಾಗಿದರೆ ಕೆಂಪು ಕಣ ಉಬ್ಬಿ ಒಡೆಯುತ್ತದೆ. ರಿಸರ್ವಾಯರ್‌ನಲ್ಲಿದ್ದ ಅಷ್ಟೂ ರಕ್ತ ಚೆಲ್ಲಬೇಕಾಯಿತು. ಹಾಗೆ ಸುರಿದಾಗ ಪಕ್ಕದಲ್ಲಿ ನಿಂತಿದ್ದು ನಾನೇ. ನೋಡಿ ಕೂಗಬೇಕಿತ್ತು.

ಹನ್ನೆರಡರ ಸುಮಾರಿಗೆ ಬೌಲಿನ ಪ್ಯಾಕೆಟ್ ಒಡೆದೆ. 225 ಎಂಎಲ್ ಹಿಡಿಯುವ ಗಂಟೆಯಾಕಾರದ ಪಾತ್ರೆ. ತಿರುಗಲು ಶುರುವಾದ ಮೇಲೆ ಅದರ ಗೋಡೆಗುಂಟ ಕಡು ಕೆಂಪು ಮೇಲೇರುತ್ತಾ ಬರುತ್ತದೆ. ತುಂಬಿದ ಮೇಲೆ ಸಲೈನ್ ಒಳಗೆ ನುಗ್ಗುತ್ತದೆ. ಆಗ ನನ್ನ ಕಣ್ಣು ಹೊರಹೋಗುವ ಪೈಪಿನ ಮೇಲೆ. ಮೊದಲು ಬೀಟ್‌ರೂಟ್ ನೀರಿನ ಬಣ್ಣ, ಆಮೇಲೆ ತೆಳು ಗುಲಾಬಿ, ಕೊನೆಗೆ ಬಟ್ಟೆ ಜಾಲಿಸಿದ ಕಡೇ ನೀರಿನ ಹಾಗೆ ತಿಳಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅಪ್ಪ ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ಎತ್ತುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ತಿರುಗಿ ನೋಡುತ್ತಿರಲಿಲ್ಲ. ಒಂದು ಗಳಿಗೆ ಬಿಟ್ಟರೆ ಇಡೀ ಕೊಪ್ಪರಿಗೆಯ ಬೆಲ್ಲ ಕಪ್ಪಾಗುತ್ತಿತ್ತು. ನಾನೂ ಮೂರು ಬೌಲ್ ಮುಗಿಯುವ ತನಕ ಯಾರಿಗೂ ಉತ್ತರ ಕೊಡಲಿಲ್ಲ.

ಮೂತ್ರಕ್ಕೆ ದಾರಿ ಮಾಡಲು ಸಣ್ಣ ಕರುಳನ್ನು ಬಿಚ್ಚುವ ಹೊತ್ತಿಗೆ ನಮ್ಮ ಸಕ್ಷನ್ ತೆಗೆದಿಟ್ಟೆವು, ಕರುಳಿನ ಕೊಳೆ ಬೆರೆಯಬಾರದು. ಅಷ್ಟರಲ್ಲಿ ಚೀಲದಲ್ಲಿ 640 ಎಂಎಲ್ ಇತ್ತು. ಲೇಬಲ್ ಬರೆದೆ. ಹೆಸರು, ಆಸ್ಪತ್ರೆ ನಂಬರ್, ಸಮಯ. ಚೀಲ ರೋಗಿಯ ತಲೆಯ ಹತ್ತಿರದಿಂದ ಎಲ್ಲಿಗೂ ಹೋಗಲಿಲ್ಲ. ಫಿಲ್ಟರ್ ಜೋಡಿಸಿ, ಸ್ಟ್ಯಾಂಡಿಗೆ ನೇತುಹಾಕಿದೆವು. ತೊಟ್ಟು ತೊಟ್ಟಾಗಿ ಇಳಿಯಿತು. ಬಿಪಿ 110ರ ಆಸುಪಾಸಿನಲ್ಲೇ ನಿಂತಿತು. ಬ್ಲಡ್ ಬ್ಯಾಂಕಿನಲ್ಲಿ ಕಾದಿರಿಸಿದ್ದ ಎರಡರಲ್ಲಿ ಒಂದನ್ನು ಬಳಸಿದೆವು, ಇನ್ನೊಂದು ಹಾಗೇ ವಾಪಸ್ ಹೋಯಿತು.

ಇದನ್ನು ಓದಿ ಯಾರೂ ಇನ್ನು ರಕ್ತದಾನ ಬೇಡ ಅಂದುಕೊಳ್ಳಬೇಡಿ. ಮೆಷಿನ್ ಹಿಂದಿರುಗಿಸುವುದು ಕೆಂಪು ಕಣ ಮಾತ್ರ. ಪ್ಲೇಟ್‌ಲೆಟ್ಟೂ ಪ್ಲಾಸ್ಮಾವೂ ತೊಳೆದುಹೋಗುತ್ತವೆ, ಅದಕ್ಕೆ ದಾನಿಯೇ ಬೇಕು. ಸ್ತನದ ಗಡ್ಡೆಯಂಥ, ಹೆಚ್ಚು ರಕ್ತ ಹೋಗದ ಆಪರೇಷನ್ನಿಗೆ ಇದರ ಗೊಡವೆಯೂ ಬೇಡ. ಆದರೆ ನಿಮ್ಮ ಮನೆಯವರಿಗೆ ಕಿಡ್ನಿ, ಮೂತ್ರಕೋಶ, ಲಿವರ್, ಹೀಗೆ ರಕ್ತ ಹೆಚ್ಚು ಹೋಗುವ ಕಡೆ ಕ್ಯಾನ್ಸರ್ ಆಪರೇಷನ್ ಇದ್ದರೆ, ಅದೂ ನೆಗೆಟಿವ್ ಗುಂಪಾದರೆ, ಹಿಂದಿನ ದಿನ ಡಾಕ್ಟರನ್ನು ಕೇಳಿ. ಸೆಲ್ ಸೇವರ್ ಇದೆಯಾ, ಫಿಲ್ಟರ್ ಇದೆಯಾ, ನಮ್ಮ ಕೇಸಿಗೆ ಆಗುತ್ತಾ. ಆಗಲ್ಲ ಅಂದರೆ ಯಾಕೆ ಅಂತ ಕೇಳಿ. ಒಳ್ಳೆಯ ಡಾಕ್ಟರ್ ಕಾರಣ ಹೇಳುತ್ತಾರೆ, ಎಷ್ಟೋ ಸಲ ಆ ಕಾರಣ ಸರಿಯಾಗಿಯೇ ಇರುತ್ತದೆ. ನಾವು 2009ರಲ್ಲಿ ಕೇಳಲಿಲ್ಲ. ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಓಟಿಯಲ್ಲೇ ಕೆಲಸ ಮಾಡುತ್ತಿದ್ದ ನನಗೂ.

ಅಪ್ಪ ಆಪರೇಷನ್ ಆದ ಮೇಲೆ ಏಳು ವರ್ಷ ನಮ್ಮ ಜೊತೆ ಇದ್ದರು. ಹೋಗಿದ್ದು ಹೃದಯಾಘಾತದಿಂದ, ಒಂದು ಬೆಳಗಿನ ಜಾವ.

ಆ ರೈತರ ಆಪರೇಷನ್ ಆದ ದಿನ ಕೆಲಸ ಮುಗಿಸಿ ಮಂಡ್ಯಕ್ಕೆ ಹೋಗುವ ಟ್ರೈನ್ ಹತ್ತಿದೆ. ಪಾಂಡವಪುರ ದಾಟುವಾಗ ಅವ್ವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

"ಅವರ್ದೇ ರಕ್ತವಾ?"

"ಹೂಂ ಕಣವ್ವ, ಅವರದ್ದೇ."

"ಎಷ್ಟಿತ್ತು?"

"640 ಎಂಎಲ್. ಕಾಫಿ ಕುಡಿಯೋ ದೊಡ್ಡ ಲೋಟದಲ್ಲಿ ಮೂರು ಲೋಟದ ಮೇಲೆ."

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಪ್ಪುಂದು ಎಷ್ಟು ಲೋಟ ಚೆಲ್ಲುದ್ರು?" ಅಂದಳು.

ನಾನು ಮನಸ್ಸಿನಲ್ಲೇ ಜಾರಿನ ಗೆರೆ ಓದಿದೆ, ವಾಶ್ ಕಳೆದೆ.

"ಹತ್ತು" ಅಂದೆ.

"ಎಲ್ಲಿದ್ದೀಯ ಈಗ?"

"ಯಲಿಯೂರು ಬತ್ತಾ ಅದೆ."

"ಬೇಗ ಬಾ. ಮುದ್ದೆಗೆ ಎಸರಿಟ್ಟಿವ್ನಿ."